ಡಂಬಳದ ಗುಡಿಯ ಚಿತ್ರ ಬರೆದವಳು

ಹೊಸ ಕಟ್ಟಡದ ವಾಸನೆ ನನಗೆ ಆಗಿಬರುವುದಿಲ್ಲ. ಹಸಿ ಸಿಮೆಂಟು, ವಾರ್ನಿಶ್, ಗೋಡೆ ಒಣಗುವ ಮೊದಲೇ ಬಳಿದ ಬಣ್ಣ. ಕಳೆದ ತಿಂಗಳು ಮಲ್ಲಸಮುದ್ರದ ದಾರಿಯಲ್ಲಿ ಹೊಸದಾಗಿ ಎದ್ದಿರುವ ಪ್ರವಾಸಿ ಭವನದ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ವಾಸನೆ ಮೂಗಿಗೆ ಅಡರಿತು. ಇಂಥ ಗೋಡೆಗೆ ಜಲವರ್ಣದ ಚಿತ್ರ ತೂಗುಹಾಕಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಒಳಗೆ ಹೋದೆ.

ಕರೆಸಿದವರು ಭವನದ ಸಮಿತಿಯ ಕಾರ್ಯದರ್ಶಿ. ಫೋನಿನಲ್ಲಿ ಅವರ ದನಿ ಬೆಣ್ಣೆಯಂತಿತ್ತು. "ಅಕ್ಕೋರ, ಆ ಡಂಬಳದ ಗುಡಿ ಚಿತ್ರಕ್ಕ ಬಿಳೇ ಬೂಷ್ಟ ಹತ್ತೇತ್ರಿ. ಮುಂದಿನ ವಾರ ದೊಡ್ಡ ಮಂದಿ ನೋಡಾಕ ಬರಾವ್ರದಾರ. ನೀವೊಂದ ಸಲ ಬಂದು ಆಕಾಶ ಅಷ್ಟ ಸರಿ ಮಾಡಿಕೊಡ್ರಿ." ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಹೆಸರು ಗಿರಿಜಾ, ಆದರೆ ಗದಗ-ಬೆಟಗೇರಿಯಲ್ಲಿ ಅರ್ಧ ಊರಿಗೆ ಅಕ್ಕೋರು. ಆ ಗೋಡೆಯ ಮೇಲಿನ ಚಿತ್ರಗಳಲ್ಲಿ ಕೆಲವು ನನ್ನವು, ಹೆಚ್ಚಿನವು ನನ್ನ ಗೆಳತಿ ಜೈನಾಬಿಯವು. ಅವಳು ತೀರಿಕೊಂಡು ಎರಡು ವರ್ಷವಾಯಿತು.

ಡಂಬಳದ ದೊಡ್ಡಬಸಪ್ಪನ ಗುಡಿಯ ಚಿತ್ರದ ಮುಂದೆ ನಿಂತೆ. ಜೈನಾಬಿ ಬರೆದದ್ದು. ಆಕಾಶದ ತುಂಬ ಬಿಳಿ ಹೂವು ಅರಳಿದ ಹಾಗೆ ಏನೋ ಎದ್ದಿತ್ತು. ಬೆರಳ ತುದಿಯಿಂದ ಗಾಜಿನ ಮೇಲೆಯೇ ಸವರಿ ನೋಡಿದವಳಿಗೆ ನಗು ಬಂತು. ಬೂಷ್ಟೂ ಅಲ್ಲ, ಗೀಷ್ಟೂ ಅಲ್ಲ. ಅದು ಉಪ್ಪು. ಯಾವ ಊರಿನ ಯಾವ ನೀರಿನ ಉಪ್ಪು ಎಂಬುದೂ ನನಗೆ ಗೊತ್ತಿತ್ತು.

ನಗು ಅಷ್ಟಕ್ಕೇ ನಿಂತಿತು. ಚೌಕಟ್ಟಿನ ಕೆಳಗೆ ಹಿತ್ತಾಳೆಯ ಪಟ್ಟಿಯೊಂದನ್ನು ಬಡಿದಿದ್ದರು. ಅದರಲ್ಲಿ ಚೌಕಟ್ಟು ದಾನ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಅವರ ಕಿರಾಣಿ ಅಂಗಡಿಯ ಹೆಸರು, ಎಲ್ಲ ಕೆತ್ತಿಸಿದ್ದರು. ಅದರ ಕೆಳಗೆ ಸಣ್ಣ ಕಾಗದದಲ್ಲಿ ಅಚ್ಚು ಹಾಕಿಸಿದ್ದು: "ಐತಿಹಾಸಿಕ ಸ್ಮಾರಕ. ಜಲವರ್ಣ. ಸ್ಥಳೀಯ ಕಲಾವಿದರು." ಜೈನಾಬಿ ಎಂಬ ಮೂರಕ್ಷರ ಎಲ್ಲಿಯೂ ಇರಲಿಲ್ಲ. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಅವಳೇ ತನ್ನ ಕೈಯಿಂದ ಬರೆದಿದ್ದಳು. ಆ ಅಂಚೇ ಇರಲಿಲ್ಲ.

ನಮ್ಮ ಕಡೆ ಹೆಸರಿಗೇನು ಬರವೇ? ಗುಡಿಗೆ ಫ್ಯಾನು ಕೊಟ್ಟರೆ ಮೂರೂ ರೆಕ್ಕೆಯ ಮೇಲೆ ಕೊಟ್ಟವರ ಹೆಸರು ತಿರುಗುತ್ತದೆ. ಮದುವೆಯಲ್ಲಿ ಒಂದು ಸ್ಟೀಲ್ ಡಬ್ಬಿ ಉಡುಗೊರೆ ಕೊಡುವವರೂ ಅಂಗಡಿಯಲ್ಲಿ ಕಾದು ನಿಂತು ಹೆಸರು ಹಾಕಿಸಿಕೊಂಡೇ ಬರುತ್ತಾರೆ. ಬಸ್ ನಿಲ್ದಾಣದ ಕಲ್ಲುಬೆಂಚಿಗೆ ಹೆಸರು, ಕುಡಿಯುವ ನೀರಿನ ತೊಟ್ಟಿಗೆ ಹೆಸರು. ಹೆಸರಿಲ್ಲದೆ ಹೋದದ್ದು ಬಿಸಿಲಲ್ಲಿ ಕೂತು ಚಿತ್ರ ಬರೆದ ಹೆಂಗಸಿನದು ಮಾತ್ರ. ಸ್ಥಳೀಯ ಅಂತೆ! ಪೇಟೆಯಲ್ಲಿ ಉಳ್ಳಾಗಡ್ಡಿಗೆ ಹೇಳುವ ಮಾತು ಅದು. ನನ್ನ ಚಿತ್ರಗಳಿಂದ ನನ್ನ ಹೆಸರೂ ಹೋಗಿತ್ತು, ಅದಕ್ಕೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಬದುಕಿದ್ದೇನೆ, ಜಗಳ ಆಡಬಲ್ಲೆ. ಅವಳಿಗೆ ಅದೂ ಸಾಧ್ಯವಿಲ್ಲ.

ನಾವಿಬ್ಬರೂ ಈ ಚಿತ್ರಗಳನ್ನು ಬರೆದ ಬೇಸಿಗೆ ಪೂರ್ತಿ ಕಣ್ಣ ಮುಂದೆ ಬಂತು.

ಜೈನಾಬಿಯ ಮನೆತನ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವವರದು. ನಾವಿಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಚಿತ್ರಕಲಾ ಶಾಲೆಯಲ್ಲಿ ಕಲಿತೆವು. ನಾನು ನೌಕರಿ ಹಿಡಿದೆ. ಅವಳು ಮದುವೆಯಾಗಿ, ಮನೆಯ ಮುಂದಿನ ಖೋಲಿಯಲ್ಲಿ ಅಂಗಡಿ ಇಟ್ಟು, ಕುಪ್ಪಸ, ಸೆರಗುಗಳ ಮೇಲೆ ಕಸೂತಿಗೆ ನಕ್ಷೆ ಬರೆದುಕೊಡುತ್ತಿದ್ದಳು. ಆದರೆ ಜಲವರ್ಣ ಬಿಡಲಿಲ್ಲ. ಅವಳಷ್ಟು ತಿಳಿಯಾಗಿ ಬಣ್ಣ ಹಾಸುವುದು ನನಗೆ ಕೊನೆಯವರೆಗೂ ಬರಲಿಲ್ಲ. ನಾಲ್ಕು ತಾಲೂಕಿನ ಹಳೆಯ ಕಟ್ಟಡಗಳ ಚಿತ್ರ ಬೇಕು ಎಂದು ಸಮಿತಿಯವರು ನನ್ನನ್ನು ಕೇಳಿದಾಗ, ಜೈನಾಬಿ ಬಂದರೆ ಮಾತ್ರ ಬರುತ್ತೇನೆ ಎಂದೆ. ಅವರು ಹೂಂ ಎಂದರು. ಅಂದು ಅವರಿಗೆ ಅವಳ ಹೆಸರು ಚೆನ್ನಾಗಿಯೇ ಗೊತ್ತಿತ್ತು.

ಗದಗಿನ ಬೇಸಿಗೆಯಲ್ಲಿ ಜಲವರ್ಣ ಬರೆಯುವುದೆಂದರೆ ಬಿಸಿಲಿನ ಜೊತೆ ಓಟದ ಪಂದ್ಯ. ಕಾಗದವನ್ನು ಒದ್ದೆ ಮಾಡಿ, ಹಲಗೆ ಓರೆ ಹಿಡಿದು, ಆಕಾಶದ ನೀಲಿಯನ್ನು ಒಂದೇ ಉಸಿರಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿಸಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಮೇಲಿನದು ಒಣಗಿ ಗೆರೆ ನಿಂತುಬಿಡುತ್ತದೆ. ಅದರ ಮೇಲೆ ನಮ್ಮ ಗಾಳಿ ಬೇರೆ. ಕಾಗದದ ನಾಲ್ಕೂ ಮೂಲೆಗೆ ಕಲ್ಲು ಹೇರಿದರೂ ಒಂದು ಚಿತ್ರ ಹಾರಿ ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡಿತ್ತು. ಹಾಗಾಗಿ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದೆವು. ರೊಟ್ಟಿ, ಶೇಂಗಾ ಚಟ್ನಿ, ಬಣ್ಣದ ಪೆಟ್ಟಿಗೆ, ಮತ್ತು ಒಂದು ಕ್ಯಾನ್ ಸಿಹಿನೀರು. ನೀರಿನ ಬಗ್ಗೆ ಜೈನಾಬಿ ಮಹಾ ಹಟದವಳು. "ನಮ್ಮಪ್ಪ ಬೋರಿನ ನೀರಾಗ ಒಂದ ಲಡಿ ನೂಲೂ ಅದ್ದತಿರಲಿಲ್ಲ," ಎನ್ನುತ್ತಿದ್ದಳು. "ಉಪ್ಪು ಸುಮ್ಮನ ಕುಂತಿರತೈತಿ. ಥಂಡಿ ಹತ್ತಿದ ಮ್ಯಾಲ ಮುಖ ತೋರಸತೈತಿ."

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿಯನ್ನು ಬರೆಯುತ್ತಿದ್ದಾಗ ನಡೆದದ್ದೇ ಈ ಕಥೆಯ ಬೇರು. ನಾವು ಮಂಟಪದ ನೆರಳಲ್ಲಿ ಕೂತಿದ್ದೆವು. ಜೈನಾಬಿ ಕಂಬದ ನುಣುಪಿನ ಮೇಲೆ ಬೀಳುವ ಬೆಳಕನ್ನು ಹಿಡಿಯಲು ಹೆಣಗುತ್ತಿದ್ದಳು. ಕಾಲೇಜು ಓದುವ ವಯಸ್ಸಿನ ಒಬ್ಬ ಹುಡುಗ ಬಂದು, ಬೈಕಿನ ಕೀಲಿಕೈ ತೆಗೆದು, ನಮ್ಮ ಎದುರಿನ ಕಂಬದ ಮೇಲೆಯೇ ಕರಕರ ತನ್ನ ಹೆಸರು ಗೀಚತೊಡಗಿದ. ನಾನು ಬಾಯಿ ತೆರೆಯುವ ಮೊದಲೇ ಜೈನಾಬಿ ಎದ್ದು ಹೋಗಿ ಅವನ ಕೈಯಿಂದ ಕೀಲಿ ಕಿತ್ತುಕೊಂಡಿದ್ದಳು.

"ನಿಮ್ಮಪ್ಪ ಕಟ್ಟಿಸ್ಯಾನೇನ್ಲೇ ಈ ಕಂಬಾ?"

"ಬಿಡ್ರಿ ಆಂಟಿ, ಎಲ್ಲಾರೂ ಬರದಾರ, ನಾನೂ ಬರದೆ."

"ಎಲ್ಲಾರೂ ಬರದಾರಂತ ನೀನೂ ಬರೀತಿ? ಆ ಕೀಲಿ ತಗೊಂಡು ನಿನ್ನ ಬೈಕಿನ ಟಾಕಿ ಮ್ಯಾಲ ನಾ ಬರದ್ರ ನಡೀತೈತೇನು? ಹೇಳು, ನಡೀತೈತೇನು?"

ಹುಡುಗ ನಾಚಿದನೋ ಹೆದರಿದನೋ, ಕೀಲಿ ಇಸಿದುಕೊಂಡು ಹೊರಟ. ಅವನ ಹೆಸರಿನ ಮೊದಲ ಎರಡು ಅಕ್ಷರ ಕಂಬದ ಮೇಲೆ ಉಳಿದವು. ಜೈನಾಬಿ ಸೆರಗಿನಿಂದ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆ ದಿನ ಆಮೇಲೆ ಅವಳಿಗೆ ನೆಟ್ಟಗೆ ಒಂದು ಗೆರೆ ಎಳೆಯಲಾಗಲಿಲ್ಲ.

ಅವಳನ್ನು ಸಮಾಧಾನ ಮಾಡಲೆಂದು ನಾನು ಅಲ್ಲೇ ಕಲ್ಲಿನ ಬುಡದಲ್ಲಿದ್ದ ಹಳೆಯ ಅಕ್ಷರಗಳ ಒಂದು ಸಾಲು ತೋರಿಸಿದೆ. ಓದಲು ನನಗೆ ಬರುತ್ತಿರಲಿಲ್ಲ. ನಮ್ಮ ಶಾಲೆಯ ಇತಿಹಾಸದ ಮಾಸ್ತರರು, ಈ ಸೀಮೆಯ ಗುಡಿಗಳಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಳ್ಳುತ್ತಿದ್ದರು ಎಂದು ಹೇಳಿದ್ದು ನೆನಪಿತ್ತು. "ಇದೂ ಹಂಗ ಇರಬೇಕು," ಎಂದೆ. ಜೈನಾಬಿ ಕೂತು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ನೀನೂ ಹಂಗ ಚಿತ್ರದಾಗ ಕಲ್ಲಿನ ಮ್ಯಾಲ ಹೆಸರು ಬರಿ," ಎಂದೆ. "ಚಂದ ಕಾಣತೈತಿ."

"ಛೇ, ಬ್ಯಾಡಬೇ. ಅಂವ ಕಟ್ಟಿದಾಂವ, ಬರಕೊಂಡ. ನಾ ನೋಡಿದಾಕಿ. ಈಗರ ಆ ಹುಡುಗನ್ನ ಬೈದು ಬಂದು ಗುಡಿ ಮ್ಯಾಲ ನನ್ನ ಹೆಸರು ಗೀಚಲೇನು? ಚಿತ್ರದಾಗಾದ್ರೂ ಗುಡಿ ಗುಡೀನ. ನಂದು ಹೊರಗಿರಲಿ."

ಅಂದಿನಿಂದ ಅವಳು ಪ್ರತಿ ಚಿತ್ರಕ್ಕೂ ಕೆಳಗೆ ಮೂರು ಬೆರಳಷ್ಟು ಬಿಳಿ ಅಂಚು ಬಿಡತೊಡಗಿದಳು. ಚಿತ್ರ ಮುಗಿದ ಮೇಲೆ ಆ ಅಂಚಿನಲ್ಲಿ, ಗುಡಿಯ ಯಾವ ಕಲ್ಲಿಗೂ ತಾಗದ ಹಾಗೆ, ಸಣ್ಣ ಕುಂಚದಿಂದ "ಜೈನಾಬಿ, ಬೆಟಗೇರಿ" ಎಂದು ಬರೆಯುತ್ತಿದ್ದಳು. ನಾನೂ ಅವಳನ್ನು ನೋಡಿ ಹಾಗೆಯೇ ಮಾಡಿದೆ. ಗುಡಿಯ ಅಂಗಳದ ಹೊರಗೆ ಚಪ್ಪಲಿ ಬಿಡುವಂಥ ಮರ್ಯಾದೆ ಅದು. ಆ ಮರ್ಯಾದೆಗೆ ಸಿಕ್ಕ ಫಲ ನೋಡಿ!

ಶಿರಹಟ್ಟಿಗೆ ಹೋಗುವ ಹೊತ್ತಿಗೆ ರಮ್ಜಾನ್ ಬಂದಿತ್ತು. ಜೈನಾಬಿ ರೋಜಾದ ಉಪವಾಸ ಹಿಡಿದೇ ಕೆಲಸ ಮಾಡಿದಳು. ಕುಂಚದ ತುದಿ ಚೂಪು ಮಾಡಲು ನಾವೆಲ್ಲ ತುಟಿಗೆ ತಾಗಿಸುವವರು. ರೋಜಾ ಇದ್ದಾಗ ಅದು ಆಗದು. ಅವಳು ಮಣಿಕಟ್ಟಿನ ಒಳಮೈಗೆ ಒತ್ತಿ ಚೂಪು ಮಾಡುತ್ತಿದ್ದಳು. ಸಂಜೆಗೆ ಎಡಗೈ ಮಣಿಕಟ್ಟು ನೀಲಿ, ಕಂದು, ಹಸಿರು. ಮಠದ ಹೆಬ್ಬಾಗಿಲ ಎದುರು ಕೂತಿದ್ದಾಗ ಅಲ್ಲಿಯ ಅಜ್ಜಿಯೊಬ್ಬಳು ಎರಡು ಲೋಟ ಮಜ್ಜಿಗೆ ತಂದಳು. ಇವಳದು ರೋಜಾ ಎಂದು ತಿಳಿದದ್ದೇ ಎರಡನ್ನೂ ಹಿಂದಕ್ಕೆ ಒಯ್ದಳು. "ಅಕಿ ಮುಂದ ನೀ ಹೆಂಗ ಕುಡೀತಿ?" ಎಂದು ನನ್ನನ್ನೇ ಗದರಿದಳು. ಜೈನಾಬಿ ಬಿದ್ದು ಬಿದ್ದು ನಕ್ಕಳು. ಸಂಜೆ ಆ ಅಜ್ಜಿಯ ಕಟ್ಟೆಯ ಮೇಲೆಯೇ ಅವಳು ಖಜೂರ ತಿಂದು ರೋಜಾ ಬಿಟ್ಟಳು. ಆಮೇಲೆ ಇಬ್ಬರಿಗೂ ಮಜ್ಜಿಗೆ ಬಂತು.

ಕೊನೆಗೆ ಡಂಬಳ, ಅದೂ ರೋಜಾದಲ್ಲೇ. ಮುಂಡರಗಿ ತಾಲೂಕಿಗೆ ಅದೊಂದೇ ಚಿತ್ರ ಬೇಕೆಂದಿದ್ದರು. ಬಸ್ಸು ಅಂದು ಶೇಂಗಾ ಚೀಲಗಳಿಂದ ತುಂಬಿತ್ತು. ಯಾವುದೋ ಚೀಲ ಉರುಳಿ ನಮ್ಮ ಕ್ಯಾನಿನ ಮುಚ್ಚಳ ಕಿತ್ತು, ಸಿಹಿನೀರೆಲ್ಲ ಜನರ ಕಾಲ ಕೆಳಗೆ ಹರಿದುಹೋಯಿತು. ಗುಡಿ ಮುಟ್ಟಿದಾಗ ಬೆಳಕು ಇನ್ನೂ ಎಳೆಯದು. ದೊಡ್ಡಬಸಪ್ಪನ ಗುಡಿಯ ಗೋಡೆ ನೆಟ್ಟಗೆ ಇಲ್ಲ, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಮಡಚಿಕೊಂಡು ಸುತ್ತುತ್ತದೆ. ಆ ಹೊತ್ತಿನಲ್ಲಿ ಒಂದೊಂದು ಮೂಲೆಗೂ ಒಂದೊಂದು ನೆರಳು ಬಿದ್ದು, ಗೋಡೆಯೇ ಸೀರೆಯ ನಿರಿಗೆ ಹಿಡಿದು ನಿಂತಂತೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಒಂದೇ ಬಿಳಿ ಬಿಸಿಲು.

ಹತ್ತಿರದ ಬೋರಿನಿಂದ ನಾನು ಕ್ಯಾನ್ ತುಂಬಿಸಿ ತಂದೆ.

"ನಾ ಬಾಯಿಗೆ ಹಾಕಂಗಿಲ್ಲ, ನೀನ ನೋಡು ಹೆಂಗೈತಿ," ಎಂದಳು.

ನಾಲಿಗೆಗೆ ಮುಟ್ಟಿಸಿ ಉಗುಳಿದೆ. "ಶುದ್ಧ ಉಪ್ಪು. ಬ್ಯಾಡ ಜೈನಾಬಿ, ನಾಳೆ ಬರೂಣು."

ಅವಳು ಗೋಡೆಯನ್ನು ನೋಡಿದಳು, ಆಕಾಶ ನೋಡಿದಳು. "ಈ ನೆರಳು ನಾಳೆ ಬರತೈತಂತ ಯಾರ್ ಹೇಳ್ಯಾರ? ಕೊಡಿಲ್ಲೆ. ಮುಂದ ಉಪ್ಪು ಎದ್ರ ಒಣಾ ಕುಂಚದ್ಲೆ ಜಾಡಿಸಿದ್ರ ಆತು. ಆದರ ನೆನಪಿಡು, ಆಕಾಶಕ್ಕ ಎರಡನೇ ಸಲ ಬಣ್ಣ ಹಚ್ಚಾಕ ಹೋಗಬ್ಯಾಡ. ಕೊಳಕಾಗತೈತಿ."

ಹೀಗೆ ಹೇಳಿ, ನೀರಡಿಸಿದ ಬಾಯಲ್ಲಿ, ಆ ಉಪ್ಪುನೀರಿನಲ್ಲೇ ಅವಳು ಬರೆದಳು. ನಾನು ನನ್ನ ಕಾಗದ ಬಿಟ್ಟು ಅವಳನ್ನೇ ನೋಡುತ್ತ ಕೂತೆ. ಆಕಾಶ ಒಂದೇ ಏಟಿಗೆ ಇಳಿಯಿತು, ಎಲ್ಲೂ ಗೆರೆಯಿಲ್ಲ. ದೂರದ ಕಪ್ಪತಗುಡ್ಡದ ಸಾಲಿನ ಮೇಲೆ ಒಂದು ಗಾಳಿಯಂತ್ರವನ್ನೂ ಇಟ್ಟಳು. ಮಧ್ಯಾಹ್ನ ಕಾರಿನಲ್ಲಿ ಬಂದ ಕಾರ್ಯದರ್ಶಿ ಚಿತ್ರದ ಮೇಲೆ ಬಗ್ಗಿ, "ಹಳೇ ಗುಡಿ ಹಿಂದ ಈ ಫ್ಯಾನ್ ಯಾಕ್ರಿ? ತಗದಬಿಡ್ರಿ," ಎಂದರು.

"ಐತಲ್ರಿ ಅಲ್ಲೆ," ಎಂದಳು ಜೈನಾಬಿ.

"ಐತಿ, ಆದರ ಚಂದ ಕಾಣಂಗಿಲ್ಲ."

"ಚಂದ ಕಾಣಲಿಲ್ಲಂದ್ರ ಗುಡ್ಡದಾಗಿಂದು ತಗಸ್ರಿ. ಆಮ್ಯಾಲ ನಾ ಚಿತ್ರದಾಗಿಂದು ತಗೀತೀನಿ."

ಅಂಥ ಬಾಯಿ ಅವಳದು. ಆ ಬಾಯಿ ಈಗ ಇಲ್ಲವಲ್ಲ ಎಂದುಕೊಂಡೆ, ಆ ಭವನದಲ್ಲಿ ಹಿತ್ತಾಳೆಯ ಪಟ್ಟಿಯ ಎದುರು ನಿಂತಾಗ.

ಕಾರ್ಯದರ್ಶಿ ಚಹಾ ತರಿಸಿದರು. ನಾನು ಮುಟ್ಟಲಿಲ್ಲ. "ಕೆಳಗಿನ ಅಂಚು ಎಲ್ಲಿ ಹೋತು?" ಎಂದು ಕೇಳಿದೆ.

"ಚೌಕಟ್ಟು ಎಲ್ಲಾ ಒಂದ ಅಳತೀವು ಬಂದಿದ್ವ್ರಿ, ದಾನಿಗಳು ಕೊಟ್ಟಿದ್ದು. ಕಾಗದ ಉದ್ದ ಆತು. ಅದಕ್ಕ ಕೆಳಗಿನ ಖಾಲಿ ಜಾಗಾ ಕತ್ತರಿಸಿದ್ವಿ. ಚಿತ್ರಕ್ಕೇನೂ ಧಕ್ಕಿ ಆಗಿಲ್ರಿ."

"ಆ ಖಾಲಿ ಜಾಗದಾಗ ಬರದಾವರ ಹೆಸರಿತ್ತು."

"ಇತ್ತೇನೋ. ಈಗ ಸ್ಥಳೀಯ ಕಲಾವಿದರು ಅಂತ ಬರದೇವಲ್ರಿ? ಅದರಾಗ ನೀವೂ ಬಂದ್ರಿ, ಅವರೂ ಬಂದ್ರು." ಆಮೇಲೆ ಅವರು ದನಿ ತಗ್ಗಿಸಿದರು. "ಮತ್ತ ಅಕ್ಕೋರ, ಗುಡಿ ಚಿತ್ರದ ಕೆಳಗ ಆ ಹೆಸರು ಯಾಕ ಬೇಕ್ರಿ? ನಮಗೇನೂ ಇಲ್ಲ. ಆದರ ಯಾರರ ಏನರ ಅಂದ್ರ ಸುಮ್ಮನ ತಕರಾರು."

ಇಲ್ಲಿಗೆ ತಿಳಿಯಿತು, ಕತ್ತರಿ ಬರೀ ಅಳತೆ ನೋಡಿ ಆಡಿರಲಿಲ್ಲ. ಡಂಬಳದಲ್ಲಿ ಅವಳು ಉಪವಾಸ ಕೂತು ಆ ಗುಡಿಯ ಒಂದೊಂದು ಮೂಲೆಗೂ ನೆರಳು ತುಂಬಿದಾಗ ತಕರಾರು ಇರಲಿಲ್ಲ. ಕಂಬ ಗೀಚಿದವನನ್ನು ಅವಳು ಹಿಡಿದು ನಿಲ್ಲಿಸಿದಾಗಲೂ ಯಾರಿಗೂ ತಕರಾರು ಇರಲಿಲ್ಲ. ತಕರಾರು ಬಂದದ್ದು ಆ ಮೂರಕ್ಷರಕ್ಕೆ. ನಾಳೆ ಬಣ್ಣ ತಗೊಂಡು ಬರ್ತೀನಿ ಎಂದಷ್ಟೇ ಹೇಳಿ ಎದ್ದು ಬಂದೆ. ಅಲ್ಲಿ ಇನ್ನೊಂದು ಮಾತಾಡಿದ್ದರೆ ಆ ಚಹಾದ ಕಪ್ಪು ಗೋಡೆಗೆ ಹೋಗುತ್ತಿತ್ತು.

ನೇರ ಬೆಟಗೇರಿಗೆ, ಜೈನಾಬಿಯ ಮಗಳು ಶಾಹೀನಳ ಹತ್ತಿರ ಹೋದೆ. ಅಮ್ಮನ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಎಲ್ಲ ಕೇಳಿದ ಮೇಲೂ ಅವಳು ಕುಪ್ಪಸಕ್ಕೆ ಅಚ್ಚೊತ್ತುವ ನಕ್ಷೆಯ ಕಾಗದದಿಂದ ತಲೆ ಎತ್ತಲಿಲ್ಲ.

"ಬಿಡ್ರಿ ಮೌಶಿ. ನಾ ಹೋದ ತಿಂಗಳ ನೋಡಿ ಬಂದೇನಿ. ಹೆಸರು ಹೆಸರು ಅಂತ ಜಗಳಾ ತಗದ್ರ ಚಿತ್ರಾನ ತಗದು ಒಳಗ ಒಗೀತಾರ. ಈಗ ಗ್ವಾಡಿ ಮ್ಯಾಲರ ಐತಿ. ಅಮ್ಮಿ ಬರದಿದ್ದು ಮಂದಿ ನೋಡ್ತಾರ."

"ಯಾರ್ ಬರದಿದ್ದು ಅಂತ ನೋಡ್ತಾರ?"

ಸೂಜಿಯಿಂದ ನಕ್ಷೆಯ ಮೇಲೆ ತೂತು ಹಾಕುತ್ತ ಹಾಕುತ್ತ ಅವಳ ಕಣ್ಣು ತುಂಬಿಬಂತು. ಅವಳ ಹೆದರಿಕೆ ಖರೆ ಇತ್ತು. ಜಗಳ ನನ್ನದು, ಹೋದರೆ ಅವಳ ಅಮ್ಮನ ಚಿತ್ರ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತು. ಮರುದಿನ ನಾನು ಬಣ್ಣದ ಪೆಟ್ಟಿಗೆ ಹಿಡಿದು ಬಸ್ ನಿಲ್ದಾಣಕ್ಕೆ ಬಂದಾಗ ಶಾಹೀನ ಅಲ್ಲಿ ಮೊದಲೇ ನಿಂತಿದ್ದಳು.

ಚಿತ್ರ ಇಳಿಸಿ ಚೌಕಟ್ಟು ಬಿಚ್ಚಿಸಿದೆ. ಕಾಗದದ ಕೆಳಗಿನ ತುದಿಯನ್ನು ಗುಡಿಯ ಬುಡಕ್ಕೆ ಹೊಂದಿಕೊಂಡೇ ಕತ್ತರಿಸಿದ್ದರು. ಕತ್ತರಿ ಸೊಟ್ಟ ಬೇರೆ ಹೋಗಿತ್ತು. ಮೊದಲು ಒಣ ಕುಂಚದಿಂದ ಆಕಾಶದ ಉಪ್ಪನ್ನು ಮೆಲ್ಲಗೆ ಜಾಡಿಸಿದೆ. ಅದು ಮೇಜಿನ ಮೇಲೆ ಪುಡಿ ಪುಡಿಯಾಗಿ ಬಿತ್ತು. ಆಕಾಶಕ್ಕೆ ಬಣ್ಣ ಮುಟ್ಟಿಸಲಿಲ್ಲ. ಅವಳು ಹೇಳಿದ್ದು ಸರಿಯಿತ್ತು, ಕೆಳಗಿನ ನೀಲಿ ಹಾಗೆಯೇ ಇತ್ತು.

ಆಮೇಲೆ ಅತಿ ಸಣ್ಣ ಕುಂಚ ತೆಗೆದುಕೊಂಡೆ. ಕಲ್ಲಿನ ಕಂದಿಗೆ ಒಂದು ಚೂರು ಕಪ್ಪು ಬೆರೆಸಿದೆ. ಗುಡಿಯ ಬುಡದ ಸಾಲಿನಲ್ಲಿ, ಮುಂದಿನ ಮೂಲೆಯ ಕಲ್ಲಿನ ಮೇಲೆ, ಉಳಿಯಿಂದ ಕೆತ್ತಿದಂತೆ ಕಾಣುವ ಹಾಗೆ, ಒಂದೊಂದೇ ಅಕ್ಷರ ಬರೆದೆ: ಜೈನಾಬಿ, ಬೆಟಗೇರಿ. ಅಕ್ಷರಗಳ ಒಂದು ಬದಿಗೆ ನೆರಳನ್ನೂ ಕೊಟ್ಟೆ. ಬೇಡ ಅಂದಿದ್ದಳು, ಗೊತ್ತು. ಅವಳ ಮರ್ಯಾದೆ ಅವಳಿಗೆ. ನನಗೆ ಅಷ್ಟು ಮರ್ಯಾದೆ ಉಳಿದಿರಲಿಲ್ಲ. ನನ್ನ ಹೆಗಲ ಹಿಂದೆ ನಿಂತಿದ್ದ ಶಾಹೀನ ಓಢಣಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕಾರ್ಯದರ್ಶಿ ಬಂದು, ಆಕಾಶ ನೋಡಿ, "ಭಾಳ ಚಲೋ ಆತ್ರಿ ಅಕ್ಕೋರ," ಎಂದರು. ಆಮೇಲೆ ಚಷ್ಮಾ ಸರಿಪಡಿಸಿಕೊಂಡು ಕೆಳಗೆ ಬಗ್ಗಿದರು. ಓದಿದರು.

"ಇದೇನ್ರಿ ಇದು? ಇದನ್ನ ತಗೀರಿ."

"ನೀವ ತಗೀರಿ. ಕತ್ತರಿ ನಿಮ್ಮ ಕಡೇನ ಐತಲ್ರಿ," ಎಂದೆ. "ಆದರ ಈ ಸಲ ಖಾಲಿ ಜಾಗಾ ಇಲ್ಲ. ಅಕಿ ಹೆಸರು ಕತ್ತರಸಬೇಕಂದ್ರ ಬಸಪ್ಪನ ಗುಡಿ ಪಾಯಾನ ಕತ್ತರಸಬೇಕು. ಕತ್ತರಸ್ರಿ, ನಾ ಇಲ್ಲೇ ಕುಂತಿರ್ತೀನಿ."

ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಶಾಹೀನಳನ್ನು ನೋಡಿದರು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು. ಗೋಡೆಯ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ, ಗದಗಿನ ಚಿತ್ರಗಳು ಇನ್ನೂ ತೂಗುತ್ತಿದ್ದವು. ಒಂದಕ್ಕೂ ಅಂಚಿರಲಿಲ್ಲ.

ನಾನು ಕುಂಚ ತೊಳೆದುಕೊಂಡೆ.

"ಮುಂದಿಂದು ಇಳಸ್ರಿ," ಎಂದೆ.